ಬಿಚ್ಚು ಅನ್ನುವ ನಿಕೊಲಾಸಾ

ನಿಕೊಲಾಸಾ ನನ್ನ ಅಣ್ಣನ ಹೆಂಡತಿ. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣ ಅಂತ ಕೂತರೆ ಮೊದಲು ನೆನಪಿಗೆ ಬರುವುದು ಅವಳು ನನ್ನ ಕೈಯಲ್ಲಿ ಬಿಚ್ಚಿಸಿದ ಹದಿನೇಳು ಸ್ವೆಟರುಗಳು. ಹದಿನೇಳು! ಒಂದನ್ನಂತೂ ನನ್ನ ಹುಟ್ಟುಹಬ್ಬದ ದಿನವೇ ಬಿಚ್ಚಿಸಿದಳು.

ನಮ್ಮ ಚಾಕಾಪಾಂಪಾದ ಹೆಣಿಗೆಯ ಗುಂಪಿನಲ್ಲಿ ನಾವು ಹನ್ನೆರಡು ಹೆಂಗಸರು. ಅರೆಕಿಪಾದಿಂದ ಬಸ್ಸಿನ ಮೇಲೆ ಅಲ್ಪಾಕಾ ಉಣ್ಣೆಯ ನೂಲು ಬರುತ್ತದೆ, ನಾವು ಸ್ವೆಟರು ಹೆಣೆದು ಕಳಿಸುತ್ತೇವೆ, ಅದು ಸಮುದ್ರದಾಚೆ ಯಾವುದೋ ಕಂಪನಿಯ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಕಳಿಸುವ ಮುಂಚೆ ಪರೀಕ್ಷೆ ಮಾಡುವವಳು ನಿಕೊಲಾಸಾ. ತಿಂಗಳಿಡೀ ಹೆಣೆದದ್ದನ್ನು ಅವಳ ಮೇಜಿನ ಮೇಲೆ ಇಟ್ಟು ನಾವು ಕೈಕಟ್ಟಿ ನಿಲ್ಲಬೇಕು. ಅವಳು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಾಳೆ, ಒಳಮೈ ಹೊರಮೈ ತಿರುವಿ ಹಾಕುತ್ತಾಳೆ, ಹೆಬ್ಬೆರಳಿನಿಂದ ಸಾಲು ಸಾಲಾಗಿ ಸವರುತ್ತಾಳೆ. ಆಮೇಲೆ ಬಾಯಿಂದ ಬರುವುದು ಎರಡೇ ಮಾತು. ಒಂದು "ಇರಲಿ", ಇನ್ನೊಂದು "ಬಿಚ್ಚು". ಮೂರನೆಯದನ್ನು ನಾನಂತೂ ಕೇಳಿಲ್ಲ. ಹೆತ್ತ ಮಗಳಿಗೂ ಬಿಚ್ಚು ಅಂದವಳು ಅವಳು, ಇನ್ನು ನಾದಿನಿ ಯಾವ ಲೆಕ್ಕ.

ಅವಳಿಗೆ ಇನ್ನೊಂದು ವಿದ್ಯೆ ಇತ್ತು. ಹೆಣಿಗೆ ಮುಟ್ಟಿ ನೋಡಿ ಅದು ಯಾರ ಕೈ ಅಂತ ಹೇಳುತ್ತಿದ್ದಳು. ಫೆಲಿಸಿತಾಸ್ ಗಂಡನ ಜೊತೆ ಜಗಳವಾಡಿದ ವಾರ ಹೆಣೆದ ಸಾಲುಗಳು ಬಿಗಿಯಾಗಿರುತ್ತವೆ ಅಂತ ಹೇಳಿ ಗುಂಪನ್ನೆಲ್ಲ ನಗಿಸಿದ್ದಳು. ಫೆಲಿಸಿತಾಸ್ ನಗಲಿಲ್ಲ, ಯಾಕೆಂದರೆ ಅದು ನಿಜವಾಗಿತ್ತು. ಇಲಾವೆ ಸಂತೆಯಲ್ಲಿ ಒಮ್ಮೆ ಅಪರಿಚಿತನೊಬ್ಬನ ತಲೆಯ ಟೋಪಿ ನೋಡಿ "ಇದು ನಮ್ಮೂರಿನ ಕೈ" ಅಂದಳು. ವಿಚಾರಿಸಿದರೆ ಅವನ ಹೆಂಡತಿಯ ತಾಯಿ ನಮ್ಮೂರಿನವಳೇ.

ಈ ವಿದ್ಯೆ, ಆ ಎರಡು ಮಾತು, ಎಲ್ಲವನ್ನೂ ಕಲಿಸಿದವಳು ಬ್ರಿಹಿದಾ ಅಜ್ಜಿ. ನಿಕೊಲಾಸಾ ಒಂಬತ್ತು ವರ್ಷದವಳಿದ್ದಾಗ ಈ ಅಜ್ಜಿಯ ಪಕ್ಕ ಕೂತು ಕಡ್ಡಿ ಹಿಡಿದಳಂತೆ. ಮೊದಲ ಟೋಪಿಯನ್ನು ಅಜ್ಜಿ ಆರು ಸಲ ಬಿಚ್ಚಿಸಿದಳಂತೆ. ಗುಂಪು ಕಟ್ಟಿದ್ದು ಅಜ್ಜಿ, ಕಂಪನಿಯವರ ಹತ್ತಿರ ಮೊದಲು ಮಾತಾಡಿದ್ದೂ ಅಜ್ಜಿ. ನಾನು ಹೇಳುವ ಈ ಸಂಗತಿ ನಡೆದಾಗ ಅವಳಿಗೆ ಎಪ್ಪತ್ತೊಂದು. ಅದಕ್ಕೆ ಮೂರು ವರ್ಷ ಮುಂಚೆ ಅವಳ ಬೆರಳುಗಳು ಗಂಟುಗಟ್ಟಿ ಸೊಟ್ಟಗಾದವು. ಲೋಟ ಹಿಡಿಯುವುದೇ ಕಷ್ಟ, ಇನ್ನು ಕಡ್ಡಿ ಎಲ್ಲಿಂದ ಹಿಡಿದಾಳು? ಆದರೆ ಕಾಲು ಮಾತ್ರ ಗಟ್ಟಿ. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿಸಿದ ಆಲೂಗಡ್ಡೆಯನ್ನು ನೀರು ಹೋಗಿ ಒಣಗಲೆಂದು ತುಳಿಯಲು ನಿಂತರೆ ನಮ್ಮನ್ನೆಲ್ಲ ಮೀರಿಸುತ್ತಿದ್ದಳು.

"ಕೈ ಹೋದ್ರೇನ್ರೇ, ಕಾಲಿದೆಯಲ್ಲ. ನಿಮ್ಮ ಕುರಿ ನಾನು ಹೊಡ್ಕೊಂಡು ಹೋಗ್ತೀನಿ, ನನ್ನ ಸ್ವೆಟರು ನೀವು ಹೆಣೀರಿ," ಅಂದಳು.

ನಮ್ಮ ಕಡೆ ಇದು ಹೊಸದಲ್ಲ. ನಿನ್ನ ಹೊಲಕ್ಕೆ ನಾನು, ನನ್ನ ಮನೆಯ ಚಾವಣಿಗೆ ನೀನು. ಮುಯ್ಯಿಗೆ ಮುಯ್ಯಿ. ಹೀಗೆ ಬೆಳಗ್ಗೆ ಎದ್ದರೆ ಅಜ್ಜಿ ಹನ್ನೊಂದು ಮನೆಯ ಕುರಿಗಳನ್ನು ಕೂಡಿಸಿಕೊಂಡು ಕೆರೆಯಂಚಿಗೋ ಗುಡ್ಡಕ್ಕೋ ಹೋಗುತ್ತಿದ್ದಳು, ನಾವು ನಿಶ್ಚಿಂತೆಯಿಂದ ಹೆಣೆಯುತ್ತಿದ್ದೆವು. ನಮ್ಮ ಹೆಣಿಗೆಯ ನಡುವೆ ಅವಳ ಸ್ವೆಟರೂ ಆಗುತ್ತಿತ್ತು. ಒಬ್ಬಳು ಬೆನ್ನು, ಒಬ್ಬಳು ಎದೆ, ಒಬ್ಬೊಬ್ಬಳು ಒಂದೊಂದು ತೋಳು. ಕೊನೆಗೆ ಕತ್ತಿನ ಒಳಗೆ ಪುಟ್ಟ ಬಟ್ಟೆಯ ಚೀಟಿ: "ಇದನ್ನು ಹೆಣೆದವರು ಬ್ರಿಹಿದಾ." ಆ ಚೀಟಿ ಎಲ್ಲ ಸ್ವೆಟರಿಗೂ ಇರುತ್ತದೆ. ಯಾರು ಹೆಣೆದರು ಅನ್ನುವುದು ಕೊಂಡವರಿಗೆ ಗೊತ್ತಾಗಬೇಕಂತೆ, ಅದಕ್ಕೇ ಅವರು ಆ ಕಂಪನಿಯನ್ನು ನಂಬುವುದಂತೆ. ಮೂರು ವರ್ಷ ಯಾರಿಗೂ ಇದರಲ್ಲಿ ಸುಳ್ಳು ಕಾಣಲಿಲ್ಲ. ನನಗೆ ಈಗಲೂ ಕಾಣುವುದಿಲ್ಲ.

ವರ್ಷಕ್ಕೊಮ್ಮೆ ಲೀಮಾದಿಂದ ಮೌಲ್ಯಮಾಪನಕ್ಕೆ ಬರುತ್ತಾರೆ. ಬಟ್ಟೆ ಮಾಡುವಲ್ಲಿ ಅನ್ಯಾಯ ನಡೆಯುತ್ತಿಲ್ಲ, ನೆಲ ನೀರು ಕೆಡುತ್ತಿಲ್ಲ ಅಂತ ನೋಡಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಎಪ್ಪತ್ತಕ್ಕಿಂತ ಕಡಿಮೆ ಬಿದ್ದರೆ ಮುಂದಿನ ವರ್ಷ ನೂಲು ಬರುವುದಿಲ್ಲ. ಒಂದು ವರ್ಷ ನಮಗೆ ಎಪ್ಪತ್ನಾಲ್ಕು ಬಂದಿತ್ತು. ಬೆಂಕಿ ಆರಿಸುವ ಕೆಂಪು ಡಬ್ಬ ಇಲ್ಲ ಅಂತ ಕೆಲವು ಕಳೆದಿದ್ದರು. ಆಮೇಲೆ ತಂದು ಗೋಡೆಗೆ ತಗಲಿಸಿದ್ದೇವೆ, ಪ್ಲಾಸ್ಟಿಕ್ಕು ಬಿಚ್ಚಿಲ್ಲ, ಫೆಲಿಸಿತಾಸ್ ಅದರ ಮೇಲೆ ಟೋಪಿ ನೇತುಹಾಕುತ್ತಾಳೆ.

ಮರುವರ್ಷ ಅವರು ಬರುವ ಮುಂಚೆಯೇ ಸುದ್ದಿ ಬಂದಿತ್ತು. ಬೇರೆ ಯಾವುದೋ ಊರಿನ ಗುಂಪು ಮಿಷನ್ನಿನಲ್ಲಿ ಹೆಣೆಸಿ ಹೆಂಗಸರ ಹೆಸರು ಹಚ್ಚಿ ಕಳಿಸಿ ಸಿಕ್ಕಿಬಿದ್ದಿತ್ತು. ಹಾಗಾಗಿ ಚೀಟಿಯ ಹೆಸರು, ಹೆಣೆದ ಕೈ ಎರಡೂ ಒಂದೇನಾ ಅಂತ ಆ ವರ್ಷದಿಂದ ಹೊಸದಾಗಿ ನೋಡುತ್ತಾರಂತೆ. ಅದನ್ನು ಕೇಳಿದ ಸಂಜೆ ನಿಕೊಲಾಸಾ ನಮ್ಮನ್ನೆಲ್ಲ ಕೂರಿಸಿಕೊಂಡಳು.

"ಅಜ್ಜಿ ಅವತ್ತು ಕುರಿ ಹೊಡ್ಕೊಂಡು ದೂರದ ಗುಡ್ಡಕ್ಕೆ ಹೋಗ್ಲಿ. ಕೇಳಿದ್ರೆ ಹಲ್ಲುನೋವು, ಇಲಾವೆಗೆ ಹೋಗಿದಾಳೆ ಅನ್ನೋಣ. ಯಾರೂ ಜಾಸ್ತಿ ಮಾತಾಡ್ಬೇಡಿ. ದೊಮಿ, ನಿಂಗೇ ಹೇಳ್ತಿರೋದು."

"ನಾನ್ಯಾಕೆ ಮಾತಾಡ್ಲಿ ಅತ್ತಿಗೆ," ಅಂದೆ. ಎಲ್ಲರೂ ನಕ್ಕರು. ನನ್ನ ಬಾಯಿ ಊರಿಗೇ ಗೊತ್ತು. ಆದರೆ ಆ ದಿನ ಬಾಯಿ ಬಿಟ್ಟವಳು ನಾನಲ್ಲ.

ಜೂನ್ ತಿಂಗಳು, ನಮ್ಮಲ್ಲಿ ಕೊರೆಯುವ ಚಳಿಗಾಲ. ಹೊರಗೆ ಹಿಮಕ್ಕೆ ಆಲೂಗಡ್ಡೆ ಹರಡಿದ್ದೆವು. ಮೌಲ್ಯಮಾಪನಕ್ಕೆ ಬಂದ ಹುಡುಗಿಯ ಹೆಸರು ಹಿಮೆನಾ, ಇಪ್ಪತ್ತೆಂಟರ ಆಸುಪಾಸು. ಎತ್ತರದ ಗಾಳಿಗೆ ಉಸಿರು ಸಿಗದೆ ಮೊದಲ ಅರ್ಧ ಗಂಟೆ ಗೋಡೆಗೆ ಒರಗಿ ಕೂತಿದ್ದಳು. ನಾನು ಕೋಕಾ ಎಲೆಯ ಬಿಸಿನೀರು ಕುಡಿಸಿದೆ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆವು. ಸುಧಾರಿಸಿಕೊಂಡು, ಮಡಿಲಲ್ಲಿ ಟ್ಯಾಬ್ ಇಟ್ಟುಕೊಂಡು ಪ್ರಶ್ನೆ ಶುರು ಮಾಡಿದಳು.

"ಉಣ್ಣೆ ತೊಳೆದ ನೀರನ್ನ ಎಲ್ಲಿಗೆ ಬಿಡ್ತೀರಿ?"

"ಆಲೂಗಡ್ಡೆ ಹೊಲಕ್ಕೆ."

"ಮಕ್ಕಳಿಂದ ಹೆಣೆಸ್ತೀರಾ?"

"ಹೆಣೆದ್ರೆ ತಾನೇ ಸೆನ್ಯೊರೀತಾ," ಅಂದಳು ಫೆಲಿಸಿತಾಸ್. "ಫೋನು ಕೆಳಗಿಟ್ರೆ ಸಾಕಾಗಿದೆ."

ಹುಡುಗಿ ನಕ್ಕಳು. ನಾವೂ ನಕ್ಕೆವು. ಅಲ್ಲಿಯವರೆಗೆ ಎಲ್ಲ ಸಲೀಸು. ಬ್ರಿಹಿದಾ ಎಲ್ಲಿ ಅಂದಾಗ ಹಲ್ಲುನೋವು ಅಂದೆವು, ಅದನ್ನೂ ಬರೆದುಕೊಂಡಳು. ಸೂಪು ಕುಡಿದಳು, ಕೆರೆಯ ಸಣ್ಣ ಮೀನು ಹುರಿದದ್ದನ್ನು ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಕೈ ಒರೆಸಿಕೊಂಡು ಚೀಲದಿಂದ ಒಂದು ಸ್ವೆಟರು ತೆಗೆದಳು. ನಮ್ಮದೇ ಸ್ವೆಟರು, ಅಂಗಡಿಯಿಂದ ತರಿಸಿದ್ದು. ಕತ್ತಿನ ಚೀಟಿಯ ಮೇಲೆ ಕಾಗದ ಮಡಚಿ ಪಿನ್ನು ಚುಚ್ಚಿತ್ತು.

"ನಿಕೊಲಾಸಾ ಅವರೇ, ನೀವು ಹೆಣಿಗೆ ಮುಟ್ಟಿನೋಡೇ ಯಾರದು ಅಂತ ಹೇಳ್ತೀರಂತೆ. ಹೌದಾ?"

ಅವಳಿಗೆ ಯಾರು ಹೇಳಿದರೋ. ನಾನೇ ಹೇಳಿರಬೇಕು, ಮೀನು ಬಡಿಸುವಾಗ. ಆ ಹುಡುಗಿಯ ಕಣ್ಣಲ್ಲಿ ಮೋಸ ಇರಲಿಲ್ಲ, ಜಾದೂ ನೋಡಲು ಕೂತ ಮಗುವಿನ ಹಾಗೆ ಕಾಯುತ್ತಿದ್ದಳು. ನಿಕೊಲಾಸಾ ಸ್ವೆಟರನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಇಪ್ಪತ್ತು ವರ್ಷದ ರೂಢಿ. ಹೆಬ್ಬೆರಳು ತಾನಾಗಿಯೇ ಸಾಲಿನ ಮೇಲೆ ಓಡಿತು.

"ಬಲಗಡೆ ತೋಳು ಫೆಲಿಸಿತಾಸ್‌ದು. ಬಿಗಿ ನೋಡಿ, ಗಂಡ ಕುಡಿದು ಬಂದ ವಾರ. ಎಡಗಡೆದು ನಮ್ಮ ದೊಮಿದು, ಸಾಲಿನ ಕೊನೆಗೆ ಬಂದಾಗೆಲ್ಲ ಕುಣಿಕೆ ಕತ್ತು ಹಿಸುಕ್ತಾಳೆ. ಬೆನ್ನು..."

ಅಲ್ಲಿಗೆ ನಿಂತಳು. ಬೆನ್ನು ಅವಳದೇ. ಹಲವು ಕೈ ಕೂಡಿದ ಸ್ವೆಟರು ನಮ್ಮ ಗುಂಪಿನಲ್ಲಿ ಒಬ್ಬಳ ಹೆಸರಿಗೆ ಮಾತ್ರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಮೆನಾ ಪಿನ್ನು ತೆಗೆದಳು. ಚೀಟಿಯನ್ನು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖದ ನಗು ಹೋಯಿತು, ನಮ್ಮೆಲ್ಲರದ್ದೂ ಹೋಯಿತು.

"ಇದು ಬ್ರಿಹಿದಾ ಅವರು ಹೆಣೆದದ್ದು ಅಂತಿದೆ," ಅಂದಳು.

ನಿಕೊಲಾಸಾ ಸುಳ್ಳು ಬಾರದವಳು. ಹಲ್ಲುನೋವಿನ ಸುಳ್ಳನ್ನೂ ನಮ್ಮ ಬಾಯಿಂದಲೇ ಹೇಳಿಸಿದ್ದಳು. ಎದ್ದುನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಕೈ, ಕುರಿ, ಮುಯ್ಯಿ, ಎಲ್ಲ. ಹೇಳಿದರೆ ಅರ್ಥವಾಗುತ್ತದೆ ಅಂದುಕೊಂಡಿದ್ದಳು, ಪಾಪ. ಹೇಳುತ್ತ ಹೋದಂತೆ ಹುಡುಗಿಯ ಬೆರಳು ಟ್ಯಾಬಿನ ಮೇಲೆ ಇನ್ನೊಂದು ಪುಟಕ್ಕೆ ಹೋಯಿತು.

"ಅಂದ್ರೆ ಎಪ್ಪತ್ತೊಂದು ವರ್ಷದ ಅಜ್ಜಿ ದಿನಾ ಹನ್ನೊಂದು ಮನೆಯ ಕುರಿ ಕಾಯ್ತಾರೆ. ಸಂಬಳ ಇಲ್ದೆ?"

"ಸಂಬಳ ಯಾಕೆ? ನಾವು ಅವಳ ಸ್ವೆಟರು ಹೆಣೀತೀವಲ್ಲ."

"ಅದೇ ಕಷ್ಟ, ನಿಕೊಲಾಸಾ ಅವರೇ. ಹೆಸರು ಬೇರೆ ಕೈ ಬೇರೆ, ಅದು ಒಂದು ತಪ್ಪು. ವಯಸ್ಸಾದವರಿಂದ ಬಿಟ್ಟಿ ದುಡಿಮೆ, ಅದು ಇನ್ನೊಂದು." ದನಿ ತಗ್ಗಿಸಿದಳು. "ಇದನ್ನ ಹೀಗೇ ಬರೆದ್ರೆ ನಿಮಗೆ ಐವತ್ತೈದೂ ಬರಲ್ಲ."

ಬಿಟ್ಟಿ! ನನ್ನ ಮೈಯೆಲ್ಲ ಉರಿಯಿತು. ಆ ಅಜ್ಜಿಗೆ ಒಂದು ಕುರಿ ಕುಂಟಿದರೂ ನಮಗೆ ಬೈಯುವ ಹಕ್ಕಿತ್ತು, ಒಂದು ತೋಳು ಸೊಟ್ಟಗಾದರೂ ನಮ್ಮ ಮುಖಕ್ಕೆ ಎಸೆಯುವ ಹಕ್ಕಿತ್ತು. ಬಿಟ್ಟಿಯವರು ಹಾಗೆ ಎಸೆಯುತ್ತಾರೇನು? ಆದರೆ ಐವತ್ತೈದು ಅಂದರೆ ಮುಂದಿನ ವರ್ಷ ನೂಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕೋಲು ಹಿಡಿದು, ಟೋಪಿ ಓರೆಯಾಗಿ. ಕುರಿಗೆ ನೀರು ಕುಡಿಸಲು ಇಳಿದು ಬಂದವಳು ಸದ್ದು ಕೇಳಿ ಒಳಗೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕೊಡ್ರೇ ಕಡ್ಡಿ," ಅಂದಳು. "ಬ್ರಿಹಿದಾ ಹೆಣೀತಾಳೋ ಇಲ್ವೋ ಅಂತ ತಾನೇ ಇವಳಿಗೆ ನೋಡ್ಬೇಕಾದ್ದು?"

ಯಾರೂ ಕೊಡಲಿಲ್ಲ. ಅವಳೇ ಮೇಜಿನಿಂದ ಎತ್ತಿಕೊಂಡು ಬೆಂಚಿನ ಮೇಲೆ ಕೂತಳು. ನೂಲನ್ನು ಬೆರಳಿಗೆ ಸುತ್ತಲು ಹಲ್ಲಿನ ಸಹಾಯ ಬೇಕಾಯಿತು. ಮೊದಲ ಸಾಲು ಎತ್ತುವಷ್ಟರಲ್ಲಿ ಅವಳ ಮೇಲ್ತುಟಿಯ ಮೇಲೆ ಬೆವರು, ಆ ಚಳಿಯಲ್ಲಿ. ಸಹಾಯಕ್ಕೆ ಕೈ ಚಾಚಿದ ಫೆಲಿಸಿತಾಸಳಿಗೆ ಮೊಣಕೈಯಿಂದ ತಿವಿದಳು. ಒಂದು ಪಾತ್ರೆ ಆಲೂಗಡ್ಡೆ ಬೇಯುವಷ್ಟು ಹೊತ್ತು ನಾವು ಹನ್ನೊಂದು ಜನ ಉಸಿರು ಹಿಡಿದು ಕೂತಿದ್ದೆವು. ಆದದ್ದು ನಾಲ್ಕು ಸಾಲು. ಒಂದು ಕಡೆ ಸಡಿಲ, ಒಂದು ಕಡೆ ಗಂಟು, ನಡುವೆ ಎರಡು ಕುಣಿಕೆ ಜಾರಿ ತೂತಾಗಿತ್ತು.

ಅಜ್ಜಿ ಅದನ್ನು ಕಡ್ಡಿಯ ಸಮೇತ ನಿಕೊಲಾಸಾಳ ಮುಂದೆ ಇಟ್ಟಳು. "ಹೇಳು."

ನಿಕೊಲಾಸಾ ಅದನ್ನು ಮುಟ್ಟಲಿಲ್ಲ. ನೆಲ ನೋಡುತ್ತ ನಿಂತಳು. ಇಪ್ಪತ್ತು ವರ್ಷದಲ್ಲಿ ಯಾರ ಹೆಣಿಗೆಯ ಮುಂದೆಯೂ ಅವಳು ಹೀಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಹಿಮೆನಾ ಕೂಡ ಕಿಟಕಿಯ ಕಡೆ ಮುಖ ಮಾಡಿದ್ದಳು.

"ಬಿಚ್ಚು ಅನ್ನೇ," ಅಂದಳು ಅಜ್ಜಿ. "ಯಾಕೆ ಬಾಯಿ ಕಟ್ಟಿದೆ? ನಾನೇ ಕಲಿಸಿದ ಮಾತಲ್ವಾ ಅದು?"

ನಿಕೊಲಾಸಾ ಅದನ್ನು ಮೇಜಿನ ಬದಿಗೆ ಸರಿಸಿದಳು. ಹುಡುಗಿ ಮೆಲ್ಲಗೆ ಒಂದು ದಾರಿ ತೋರಿಸಿದಳು. ತಪ್ಪನ್ನು ಇವತ್ತೇ ಸರಿಪಡಿಸಿದೆವು ಅಂತ ಒಂದು ಹಾಳೆ ಇರುತ್ತದೆ. ಅಜ್ಜಿಯ ಹೆಸರು ಪಟ್ಟಿಯಿಂದ ತೆಗೆಯಬೇಕು, ಅಜ್ಜಿಯಿಂದ ಇನ್ನು ಕೆಲಸ ಮಾಡಿಸಬಾರದು, ಪರೀಕ್ಷೆ ಮಾಡುವವಳು ಸೈನು ಹಾಕಬೇಕು. ಆಗ ಅಂಕ ಕಳೆಯುವುದಿಲ್ಲ, ಬದಲಿಗೆ ಕೂಡುತ್ತದೆ.

"ಬೇಕಿದ್ರೆ ಅಜ್ಜಿಯನ್ನ ಸಂಬಳಕ್ಕೆ ಇಟ್ಕೊಳ್ಳಿ, ಕುರಿ ಕಾಯೋಕೆ. ಕಾಗದ ಪತ್ರ ಮಾಡಿಸಿ," ಅಂತಲೂ ಹೇಳಿದಳು.

"ಇವರ ಮನೆ ಆಳಾ ನಾನು?" ಅಂದಳು ಅಜ್ಜಿ. ಅವಳಿಗೆ ಕೋಪ ಬಂದದ್ದು ಆ ದಿನ ಅದೊಂದು ಸಲ. "ಈ ಹುಡುಗೀರಿಗೆ ಕಡ್ಡಿ ಹಿಡ್ಯೋದು ಕಲಿಸಿದ್ದು ನಾನು. ಇವರ ಹತ್ರ ನಾನು ಸಂಬಳ ಈಸ್ಕೊಳ್ಳಾ?"

ನಿಕೊಲಾಸಾ ಪೆನ್ನು ಹಿಡಿದು ಕೂತಳು. ಸೈನು ಹಾಕಲಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಏನಾದರೂ ಆಗುತ್ತದೆಯೇ ಅಂತ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಈಗ ನಾನು ಬರೆಯುವುದನ್ನು ಓದಿ ಬೈಯುವವರು ಬೈಯಲಿ. ನನ್ನ ಮಗಳು ಪೂನೋದಲ್ಲಿ ನರ್ಸಿಂಗ್ ಓದುತ್ತಿದ್ದಳು, ಎರಡನೆಯ ವರ್ಷ. ನಾನು ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿದೆ.

"ಹಾಕು ಸೈನು, ಅತ್ತಿಗೆ. ಹನ್ನೊಂದು ಮನೆ ಇದೆ. ಅಜ್ಜಿನ ನಾವೇನು ಕೈಬಿಡ್ತೀವಾ?"

ಅವಳು ಹಾಕಿದಳು. ಅಕ್ಷರ ಸೊಟ್ಟಗೆ ಬಂತು.

ಮರುದಿನ ಬೆಳಗ್ಗೆ ಹುಲ್ಲಿನ ಮೇಲೆ ಇನ್ನೂ ಹಿಮ ಇತ್ತು. ಅಜ್ಜಿ ಎಂದಿನಂತೆ ಕೋಲು ಹಿಡಿದು ಬಂದಳು. ಅವಳು ಮೊದಲು ಹೋಗುತ್ತಿದ್ದದ್ದು ನಿಕೊಲಾಸಾಳ ಕುರಿದೊಡ್ಡಿಗೆ. ನಾನು ನನ್ನ ಅಂಗಳದಿಂದ ನೋಡುತ್ತಿದ್ದೆ. ನಿಕೊಲಾಸಾ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಿದ್ದಳು, ಬಾಗಿಲಿನ ಅಡ್ಡಗೋಲನ್ನು ಎರಡೂ ಕೈಯಲ್ಲಿ ಹಿಡಿದು.

"ಬಾಗಿಲು ತೆಗಿಯೇ. ಬಿಸಿಲು ಬರ್ತಾ ಇದೆ."

"ಬೇಡ ಅಜ್ಜಿ. ಅವರು ಹೇಳದೆ ಕೇಳದೆ ಮತ್ತೆ ಬರ್ತಾರಂತೆ. ನಾನು ಸೈನು ಹಾಕಿದೀನಿ."

"ಈಗ ಕುರಿಗೂ ಸರ್ಟಿಫಿಕೇಟು ಬೇಕಾ?" ಅಂತ ನಕ್ಕಳು ಅಜ್ಜಿ. ನಿಕೊಲಾಸಾ ನಗದಿದ್ದಾಗ ಅವಳೂ ನಿಲ್ಲಿಸಿದಳು.

"ನಿಂಗೆ ಏನೂ ಕಡಿಮೆ ಮಾಡಲ್ಲ ಅಜ್ಜಿ. ನಾವೆಲ್ಲ ಒಂದಿಷ್ಟು ಸೇರಿಸಿ ಪ್ರತಿ ತಿಂಗಳೂ..."

"ಮುಯ್ಯಿ ಇಲ್ದೆ ಕೊಟ್ರೆ ಅದಕ್ಕೆ ಏನಂತಾರೆ ಗೊತ್ತಾ ನಿಕು?" ಅಂದಳು ಅಜ್ಜಿ. ಉತ್ತರಕ್ಕೆ ಕಾಯಲಿಲ್ಲ. ಒಳಗೆ ಕುರಿಗಳು ಅವಳ ದನಿ ಕೇಳಿ ಬಾಗಿಲಿಗೆ ಒತ್ತಿಕೊಂಡು ಅರಚುತ್ತಿದ್ದವು. ಅವಳು ಗೋಡೆಯ ಮೇಲಿಂದ ಕೈ ಚಾಚಿ ಒಂದರ ತಲೆ ಮುಟ್ಟಿ, ತಿರುಗಿ ಹೋದಳು. ನಮ್ಮ ಮನೆಯ ಮುಂದೆ ಹಾದುಹೋಗುವಾಗ ನಾನು ಒಳಗೆ ಸರಿದುಬಿಟ್ಟೆ. ಹೇಡಿತನ, ಇನ್ನೇನು.

ನಾವು ಕೊಟ್ಟದ್ದನ್ನು ಅವಳು ಮುಟ್ಟಲಿಲ್ಲ. ಬಾಗಿಲಲ್ಲಿಟ್ಟ ಆಲೂಗಡ್ಡೆ ಚೀಲ ಬಾಗಿಲಲ್ಲೇ ಉಳಿಯುತ್ತಿತ್ತು. ಎರಡು ತಿಂಗಳು ಹೀಗೆ ಕಳೆದ ಮೇಲೆ ತಾಕ್ನಾ ಪಟ್ಟಣದಲ್ಲಿದ್ದ ಅವಳ ಮಗಳು ಬಂದು ಕರೆದುಕೊಂಡು ಹೋದಳು. ಅಲ್ಲಿ ಒಂದು ಕೋಣೆ, ಕೆಳಗೆ ರಸ್ತೆ, ಕುರಿ ಇಲ್ಲ, ಹಿಮ ಇಲ್ಲ. ಬಸ್ಸು ಹತ್ತುವಾಗ ನಮಗೆಲ್ಲ ಒಂದೊಂದು ಬೈಗುಳ ಹೇಳಿದಳು, ನಿಕೊಲಾಸಾಳಿಗೆ ಮಾತ್ರ ಏನೂ ಹೇಳಲಿಲ್ಲ. ಅವಳ ಟೋಪಿ ಸರಿಮಾಡಿ ಕೆನ್ನೆ ತಟ್ಟಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮಗೆ ಎಂಬತ್ತೆಂಟು ಅಂಕ ಬಂತು. ತಪ್ಪನ್ನು ತಾವೇ ಗುರುತಿಸಿ ತಿದ್ದಿಕೊಂಡ ಗುಂಪು ಅಂತ ಕಂಪನಿಯವರು ಹೊಗಳಿ ಪತ್ರ ಬರೆದರು. ನೂಲು ಹೆಚ್ಚಿಗೆ ಬಂತು. ಹೆಣೆಯಲು ಹೊತ್ತು ಕಡಿಮೆಯಾಯಿತು, ಯಾಕೆಂದರೆ ಈಗ ಅವರವರ ಕುರಿಯನ್ನು ಅವರವರೇ ಕಾಯಬೇಕು.

ಮುಂದಿನ ಜೂನ್‌ನಲ್ಲಿ ಹಿಮೆನಾ ಮತ್ತೆ ಬಂದಳು. ಅಜ್ಜಿ ಹೇಗಿದ್ದಾರೆ, ಮೊದಲು ಕೇಳಿದ್ದೇ ಅದನ್ನು. ಊರು ಬಿಟ್ಟು ಮಗಳ ಹತ್ತಿರ ಹೋದರು ಅಂದಾಗ ಟ್ಯಾಬ್ ಮುಚ್ಚಿ ಪಕ್ಕಕ್ಕಿಟ್ಟಳು. ಹೊರಡುವಾಗ ಸಂಕೋಚದಿಂದ ತನ್ನ ಕೊರಳಿನ ಶಾಲು ತೆಗೆದು ನಿಕೊಲಾಸಾಳ ಮುಂದೆ ಹಿಡಿದಳು. "ಇದು ನಮ್ಮ ಅಜ್ಜಿ ಹೆಣೆದದ್ದು. ನೋಡಿ ಏನಾದ್ರೂ ಹೇಳ್ತೀರಾ?"

ನಿಕೊಲಾಸಾ ಕೈ ಹಿಂದಕ್ಕೆ ಎಳೆದುಕೊಂಡಳು. "ಈಗ ನಂಗೆ ಗೊತ್ತಾಗಲ್ಲ ಸೆನ್ಯೊರೀತಾ."

ಸುಳ್ಳು. ಆದರೆ ಆ ಜೂನ್‌ನಿಂದ ಯಾರು ಕೇಳಿದರೂ ಅವಳು ಯಾರ ಕೈಯನ್ನೂ ಹೇಳಿಲ್ಲ. ಇರಲಿ, ಬಿಚ್ಚು, ಅಷ್ಟೇ.

ಮೊನ್ನೆ ಹೊಸ ನೂಲು ಬಂದಾಗ ಐದನೇ ನಂಬರಿನ ಕಡ್ಡಿ ನನಗೆ ಸಿಗಲಿಲ್ಲ. ಹುಡುಕಿದರೆ ಪರೀಕ್ಷೆಯ ಮೇಜಿನ ಮೇಲಿನ ಗೋಡೆಯಲ್ಲಿ, ಮೊಳೆಗೆ ನೇತುಬಿದ್ದಿತ್ತು. ಅಜ್ಜಿ ಆ ದಿನ ಹೆಣೆದ ನಾಲ್ಕು ಸಾಲು ಕಡ್ಡಿಯಲ್ಲಿ ಹಾಗೆಯೇ ಇದ್ದವು. ಒಂದೂವರೆ ವರ್ಷದಿಂದ ಅಲ್ಲೇ ಇದ್ದರೂ ನಾನು ಕಣ್ಣೆತ್ತಿ ನೋಡಿರಲಿಲ್ಲ.

"ಇದನ್ನ ಬಿಚ್ಚಿ ಕಡ್ಡಿ ತಗೊಳ್ಲಾ ಅತ್ತಿಗೆ?" ಅಂದೆ.

ಅವಳು ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಒಳಮೈ ಹೊರಮೈ ತಿರುವಿ ನೋಡಿದಳು. ಸಡಿಲವಾದದ್ದು, ಗಂಟಾದದ್ದು, ಜಾರಿದ ಎರಡು ಕುಣಿಕೆ, ಎಲ್ಲವನ್ನೂ ಹೆಬ್ಬೆರಳಿನಿಂದ ಒಂದೊಂದೇ ಸವರಿದಳು. ಆಮೇಲೆ ಮತ್ತೆ ಮೊಳೆಗೆ ತಗಲಿಸಿದಳು.

"ಇರಲಿ," ಅಂದಳು.